ಸ್ಕೂಬಾ ಡೈವಿಂಗ್‌ಗೆ ಹೊರಟ ಮಂಡ್ಯ, ಮೈಸೂರಿನವರೇ, ಮೊದಲು ವಾಪಸ್ ಬರೋ ಪ್ಲಾನ್ ಮಾಡಿ

ಮಳೆಗಾಲ ಮುಗಿದರೆ ಸಾಕು, ನಮ್ಮ ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ವಿಡಿಯೋ ಓಡಾಡಲು ಶುರುವಾಗುತ್ತೆ. ನೀಲಿ ನೀರು, ಬಣ್ಣದ ಮೀನು, ಮಧ್ಯದಲ್ಲಿ ಯಾರೋ ಕೈ ಬೀಸುತ್ತಿರುತ್ತಾರೆ. ಕೂಡಲೇ ಪ್ಲಾನ್ ರೆಡಿ. ಶುಕ್ರವಾರ ರಾತ್ರಿ ಟಿಟಿ ಹತ್ತೋದು, ಶನಿವಾರ ಮುರುಡೇಶ್ವರ, ಭಾನುವಾರ ಬೆಳಿಗ್ಗೆ ಡೈವ್, ಮೀನೂಟ ಮುಗಿಸಿ ಮಧ್ಯಾಹ್ನ ಹೊರಟರೆ ಸೋಮವಾರ ಬೆಳಗಾಗೋದರೊಳಗೆ ಮಂಡ್ಯ. ರಜೆ ಹಾಕೋದೇ ಬೇಡ!

ನಾನೂ ಮೊದಲ ಸಲ ಹೀಗೇ ಮಾಡಿದ್ದೆ. ಎರಡು ತಪ್ಪು ಮಾಡಿದೆ. ಒಂದು ನೀರಿನೊಳಗೆ, ಇನ್ನೊಂದು ನೀರಿಂದ ಆಚೆ ಬಂದಮೇಲೆ. ಒಂದಕ್ಕೆ ಎಡಗಿವಿ ತೆತ್ತೆ. ಇನ್ನೊಂದರಲ್ಲಿ ಪುಣ್ಯಕ್ಕೆ ಪಾರಾದೆ. ಎರಡನೆಯದರಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ಕರಾವಳಿಯವರಿಗೆ ಈ ತಲೆನೋವು ಇಲ್ಲ. ನಮಗೆ ಇದೆ.

ವಾಪಸ್ ಪ್ರಯಾಣ ಮೊದಲು ಗೊತ್ತುಮಾಡಿ

ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಆಕ್ಸಿಜನ್ ಇರುತ್ತೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅದರಲ್ಲಿರೋದು ಇಲ್ಲಿ ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿರುತ್ತಾರೆ ಅಷ್ಟೆ. ಅದರಲ್ಲಿ ನೂರಕ್ಕೆ 78 ಭಾಗ ನೈಟ್ರೋಜನ್. ಆಳದಲ್ಲಿ ಒತ್ತಡ ಜಾಸ್ತಿ ಇರುವುದರಿಂದ ಆ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ, ಮೈಯ ಮೂಲೆಮೂಲೆಯಲ್ಲಿ ಕರಗಿ ಕೂರುತ್ತದೆ. ಮೇಲೆ ಬಂದಮೇಲೆ ಗಂಟೆಗಟ್ಟಲೆ ನಿಧಾನಕ್ಕೆ ಉಸಿರಿನ ಮೂಲಕ ಆಚೆ ಹೋಗುತ್ತದೆ.

ಗೋಲಿ ಸೋಡಾ ಕುಡಿದಿದ್ದೀರಲ್ವಾ? ಗೋಲಿ ಕೂತಿರುವಷ್ಟು ಹೊತ್ತು ಒಳಗೆ ಒಂದು ಗುಳ್ಳೆಯೂ ಕಾಣಲ್ಲ. ಗೋಲಿ ಒತ್ತಿದ ತಕ್ಷಣ ಬುಸ್ ಅಂತ ನೊರೆ. ಮೈಯಲ್ಲಿ ನೈಟ್ರೋಜನ್ ಇನ್ನೂ ಇರುವಾಗಲೇ ಹೊರಗಿನ ಒತ್ತಡ ಒಂದೇ ಸಲ ಕಮ್ಮಿಯಾದರೆ ಕೀಲಲ್ಲಿ, ನರದಲ್ಲಿ ಹಾಗೇ ಗುಳ್ಳೆ ಏಳಬಹುದು. ಇದಕ್ಕೇ ಡಿಕಂಪ್ರೆಷನ್ ಸಿಕ್‌ನೆಸ್ ಅನ್ನುತ್ತಾರೆ, ಡೈವರ್‌ಗಳ ಬಾಯಲ್ಲಿ ಬೆಂಡ್ಸ್.

ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಮ್ಮಿ. ಡೈವ್ ಆದಮೇಲೆ ತಕ್ಷಣ ವಿಮಾನ ಹತ್ತಬಾರದು ಅನ್ನೋದು ಇದಕ್ಕೇ. ಡೈವರ್‌ಗಳ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವ ಲೆಕ್ಕ ಇದು: ಒಂದೇ ಸಾಧಾರಣ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ದಿನಕ್ಕೆ ಎರಡು ಮೂರು ಡೈವ್ ಅಥವಾ ಹಲವು ದಿನ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. "ನಮಗ್ಯಾವ ವಿಮಾನ ಸ್ವಾಮಿ, ಟಿಟಿಯಲ್ಲಿ ಬರ್ತೀವಿ" ಅಂತೀರಿ. ಆದರೆ ಆ ಲೆಕ್ಕ ಹಾಕಿರೋದು 2,000 ಅಡಿಯಿಂದ 8,000 ಅಡಿ ಎತ್ತರದ ಗಾಳಿಯ ಒತ್ತಡಕ್ಕೆ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಮೇಲಿದೆ. ಮೈಸೂರು ಸುಮಾರು 2,500 ಅಡಿ. ದಾರಿಯಲ್ಲಿ ಸಿಗುವ ಸಕಲೇಶಪುರ ಇನ್ನೂ ಮೇಲೆ, 3,000 ದಾಟುತ್ತದೆ. ಸಂಪಾಜೆ ಕಡೆಯಿಂದ ಬಂದರೆ ಮಡಿಕೇರಿ 3,700 ಅಡಿಗೂ ಜಾಸ್ತಿ. ಅಂದರೆ ನಮ್ಮ ಮನೆಯೇ ಆ ಲೆಕ್ಕದೊಳಗೆ ಬರುತ್ತದೆ! ರೈಲಲ್ಲಿ ಬಂದರೂ ಅಷ್ಟೇ, ಅದೂ ಇದೇ ಘಟ್ಟ ಹತ್ತಿಯೇ ಬರಬೇಕು.

ಎಂಟು ಹತ್ತು ಮೀಟರ್ ಆಳದಲ್ಲಿ ಅರ್ಧ ಗಂಟೆ ಇದ್ದು ಬಂದವರಿಗೆ ಬೆಂಡ್ಸ್ ಆಗುವುದು ಅಪರೂಪ, ಸುಮ್ನೆ ಹೆದರಿಸುತ್ತಿಲ್ಲ. ಆದರೂ ಒಂದು ರಾತ್ರಿ ಕೆಳಗೇ ಇದ್ದು ಬಂದರೆ ಹೋಗುವುದೇನು? ಶನಿವಾರ ಡೈವ್ ಮಾಡಿ, ರಾತ್ರಿ ಮುರುಡೇಶ್ವರದಲ್ಲೋ ಉಡುಪಿಯಲ್ಲೋ ಉಳಿದು, ಭಾನುವಾರ ಘಟ್ಟ ಹತ್ತಿ. ಕೋರ್ಸ್ ಮಾಡಿ ದಿನಕ್ಕೆ ಎರಡೆರಡು ಡೈವ್ ಹೊಡೆದವರು ಮಾತ್ರ 18 ಗಂಟೆ ಬಿಡಲೇಬೇಕು. ಇದು ಪಕ್ಕಾ ಆದಮೇಲೆ ಉಳಿದ ಬುಕಿಂಗ್ ಮಾಡಿ.

ಮೈ ಒಪ್ಪುತ್ತಾ ಅಂತ ಊರಲ್ಲೇ ನೋಡಿಕೊಳ್ಳಿ

ಡೈವ್‌ಗೆ ಮುಂಚೆ ಒಂದು ಆರೋಗ್ಯದ ಫಾರಂ ತುಂಬಿಸುತ್ತಾರೆ. ಬೋಟಿನ ಹತ್ತಿರ ಗಡಿಬಿಡಿಯಲ್ಲಿ ಎಲ್ಲದಕ್ಕೂ 'ಇಲ್ಲ' ಅಂತ ಟಿಕ್ ಹೊಡೆದು ಸಹಿ ಹಾಕುವವರೇ ಜಾಸ್ತಿ. ಅಲ್ಲಿ ಸುಳ್ಳು ಬರೆದರೆ ಅದು ನಿಮಗೆ ನೀವೇ ಮಾಡಿಕೊಂಡ ಮೋಸ. ಅಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿಯ ಆಪರೇಷನ್, ಹಿಂದೆ ಯಾವತ್ತಾದರೂ ಶ್ವಾಸಕೋಶದಿಂದ ಗಾಳಿ ಸೋರಿದ್ದು, ಶುಗರ್, ಬಿಪಿ, ಇದರಲ್ಲಿ ಯಾವುದಿದ್ದರೂ ಒಂದು ವಾರ ಮುಂಚೆಯೇ ಡಾಕ್ಟರಿಗೆ ತೋರಿಸಿ, ಲಿಖಿತವಾಗಿ ಒಪ್ಪಿಗೆ ತಗೊಳ್ಳಿ. ಬಸುರಿಯರು ಡೈವ್ ಮಾಡಲೇಬಾರದು.

ನೆಗಡಿ ಇದ್ದರೆ ಬೇಡ. "ಒಂದು ಮಾತ್ರೆ ನುಂಗಿದ್ರೆ ಆಯ್ತು" ಅನ್ನುವುದು ಇನ್ನೂ ಅಪಾಯ. ಮೂಗು ಬಿಡಿಸುವ ಮಾತ್ರೆಯ ಪವರ್ ನೀರಿನೊಳಗೆ ಇರುವಾಗಲೇ ಮುಗಿದರೆ, ಕಿವಿ ಮತ್ತು ಸೈನಸ್‌ನಲ್ಲಿ ಸೇರಿದ ಗಾಳಿ ಮೇಲೆ ಬರುವಾಗ ಆಚೆ ಹೋಗದೆ ಸಿಕ್ಕಿಹಾಕಿಕೊಳ್ಳುತ್ತದೆ. ಕೆಳಗೆ ಇಳಿಯೋದನ್ನು ನಿಲ್ಲಿಸಬಹುದು, ಮೇಲೆ ಬರೋದನ್ನು ನಿಲ್ಲಿಸೋಕಾಗುತ್ತಾ?

ಈಜು ಬರಬೇಕಾ? ಇನ್‌ಸ್ಟ್ರಕ್ಟರ್ ಹಿಡಿದುಕೊಂಡು ಕರೆದೊಯ್ಯುವ ಟ್ರೈ ಡೈವ್‌ಗೆ ಬರದಿದ್ದರೂ ಒಪ್ಪುತ್ತಾರೆ. ನನ್ನ ಅಭಿಪ್ರಾಯ ಬೇರೆ. ನೀರಿನಲ್ಲಿ ಮುಖ ಮುಳುಗಿಸಿ ನೆಮ್ಮದಿಯಾಗಿ ಇರಲಾಗದವರು ಸಮುದ್ರದ ಮಧ್ಯೆ ಅದನ್ನು ಕಲಿಯೋಕೆ ಹೋಗಬಾರದು. ಮೈಸೂರಿನವರಾದರೆ ಸರಸ್ವತಿಪುರಂನಲ್ಲಿ ವಿಶ್ವವಿದ್ಯಾನಿಲಯದ ಈಜುಕೊಳ ಇದೆ. ಒಂದು ಹದಿನೈದು ದಿನ ಹೋಗಿ ಬನ್ನಿ.

ಇನ್ನು ನಮ್ಮ ಮಂಡ್ಯ ಕಡೆಯ ಈಜುಗಾರರ ವಿಷಯ. ಸೊಂಟಕ್ಕೆ ಸೋರೆ ಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಕಲಿತವರು, ವಿ.ಸಿ. ನಾಲೆಯಲ್ಲಿ ಸೇತುವೆ ಮೇಲಿಂದ ಧುಮುಕಿದವರು. ನಾನೂ ಅವರಲ್ಲೊಬ್ಬ. ನಮಗೆ ಇರುವ ಅತಿ ಕೆಟ್ಟ ಚಾಳಿ ಅಂದರೆ ಉಸಿರು ಕಟ್ಟೋದು. ಯಾರು ಜಾಸ್ತಿ ಹೊತ್ತು ಮುಳುಗಿರ್ತಾರೆ ಅಂತ ಪಂದ್ಯ ಕಟ್ಟಿ ಬೆಳೆದವರು ನಾವು. ಸ್ಕೂಬಾದಲ್ಲಿ ಜೀವ ತೆಗೆಯೋದು ಇದೇ ಚಾಳಿ.

ಉಸಿರು ಕಟ್ಟಬೇಡಿ

ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಒತ್ತಡ ಒಂದು ಬಾರ್ ಜಾಸ್ತಿಯಾಗುತ್ತದೆ. ಮೇಲೆ 1 ಬಾರ್, 10 ಮೀಟರಿನಲ್ಲಿ 2, 20 ಮೀಟರಿನಲ್ಲಿ 3. ಹತ್ತು ಮೀಟರಿನಲ್ಲಿ ರೆಗ್ಯುಲೇಟರಿನಿಂದ, ಅಂದರೆ ಬಾಯಿಗಿಟ್ಟು ಸಿಲಿಂಡರಿನ ಗಾಳಿ ಎಳೆಯುವ ಸಾಧನದಿಂದ, ಎದೆ ತುಂಬ ಎಳೆದುಕೊಂಡ ಉಸಿರನ್ನು ಹಾಗೇ ಕಟ್ಟಿಕೊಂಡು ಮೇಲೆ ಬಂದರೆ, ಆ ಗಾಳಿ ಹಿಗ್ಗಿ ಎರಡರಷ್ಟಾಗಲು ನೋಡುತ್ತದೆ. ಶ್ವಾಸಕೋಶ ಅಷ್ಟು ಹಿಗ್ಗಲ್ಲ, ಹರಿಯುತ್ತದೆ. ಗಾಳಿ ರಕ್ತಕ್ಕೆ ಸೇರಿ ಮೆದುಳಿಗೂ ಹೋಗಬಹುದು. ಇದಕ್ಕೆ ಆಳವೇ ಬೇಕಾಗಿಲ್ಲ. ಎದೆ ತುಂಬ ಗಾಳಿ ಇಟ್ಟುಕೊಂಡು ಒಂದೂವರೆ ಮೀಟರ್ ಮೇಲೆ ಬಂದರೂ ಸಾಕು. ಅಂದರೆ ಈಜುಕೊಳದಲ್ಲೂ ಆಗಬಹುದು.

ಸೋರೆ ಬುರುಡೆ ಕಟ್ಟಿಕೊಂಡು ಮುಳುಗಿದಾಗ ಇದು ಯಾಕೆ ಆಗಲ್ಲ? ಅಲ್ಲಿ ನೀವು ಮೇಲಿನ ಗಾಳಿಯನ್ನೇ ಎಳೆದುಕೊಂಡು ಹೋಗಿ, ಅಷ್ಟನ್ನೇ ವಾಪಸ್ ತರುತ್ತೀರಿ. ಇಲ್ಲಿ ಆಳದಲ್ಲಿ ಹೊಸದಾಗಿ ತುಂಬಿಕೊಳ್ಳುತ್ತೀರಿ. ವ್ಯತ್ಯಾಸ ಅಷ್ಟೇ.

ಹಾಗಾಗಿ ಬಾಯಲ್ಲಿ ರೆಗ್ಯುಲೇಟರ್ ಇದ್ದಷ್ಟು ಹೊತ್ತೂ ಉಸಿರು ಹೋಗಿ ಬರುತ್ತಲೇ ಇರಬೇಕು. ನಿಧಾನವಾಗಿ ಎಳೆದುಕೊಳ್ಳಿ, ಅದಕ್ಕಿಂತ ನಿಧಾನವಾಗಿ ಬಿಡಿ. ರೆಗ್ಯುಲೇಟರ್ ಬಾಯಿಂದ ಬಿದ್ದುಹೋದರೂ ತುಟಿಯಿಂದ ಸಣ್ಣಗೆ ಗುಳ್ಳೆ ಬಿಡುತ್ತಾ ಹುಡುಕಿ.

ಯಾರ ಜೊತೆ ಹೋಗುತ್ತೀರಿ

ಅಡ್ವಾನ್ಸ್ ಕಳಿಸುವ ಮುಂಚೆ ಫೋನ್ ಮಾಡಿ ಕೇಳಿ. ನನ್ನ ಜೊತೆ ನೀರಿಗೆ ಇಳಿಯುವವರಿಗೆ ಪ್ಯಾಡಿ ಅಥವಾ ಎಸ್‌ಎಸ್‌ಐ ಥರದ ಡೈವಿಂಗ್ ತರಬೇತಿ ಸಂಸ್ಥೆಯ ಇನ್‌ಸ್ಟ್ರಕ್ಟರ್ ಕಾರ್ಡ್ ಇದೆಯಾ, ಈ ವರ್ಷಕ್ಕೆ ಚಾಲ್ತಿಯಲ್ಲಿದೆಯಾ? ಒಬ್ಬರ ಕೈಯಲ್ಲಿ ಎಷ್ಟು ಜನರನ್ನು ಇಳಿಸುತ್ತೀರಿ? ಬೋಟಿನಲ್ಲಿ ಆಕ್ಸಿಜನ್ ಕಿಟ್ ಇದೆಯಾ? ಏನಾದರೂ ಆದರೆ ಹತ್ತಿರದ ಹೈಪರ್‌ಬ್ಯಾರಿಕ್ ಚೇಂಬರ್, ಅಂದರೆ ಬೆಂಡ್ಸ್ ಆದವರನ್ನು ಒತ್ತಡದಲ್ಲಿಟ್ಟು ಚಿಕಿತ್ಸೆ ಕೊಡುವ ಕೋಣೆ, ಎಲ್ಲಿದೆ, ಅಲ್ಲಿಗೆ ಹೇಗೆ ಕರೆದೊಯ್ಯುತ್ತೀರಿ?

ಕೊನೆಯ ಪ್ರಶ್ನೆಗೆ "ಏನೂ ಆಗಲ್ಲ ಬನ್ನಿ ಸಾರ್" ಅಂದರೆ ಫೋನ್ ಇಟ್ಟುಬಿಡಿ. ಒಳ್ಳೆಯವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳಲ್ಲ, ಉಲ್ಟಾ ಖುಷಿಪಡುತ್ತಾರೆ. ಐನೂರು ಸಾವಿರ ರೂಪಾಯಿ ಕಮ್ಮಿ ಅಂತ ಇನ್ನೊಬ್ಬರ ಹತ್ತಿರ ಹೋಗಬೇಡಿ.

ಟ್ರೈ ಡೈವ್‌ನಲ್ಲಿ 12 ಮೀಟರ್ ದಾಟಿಸಬಾರದು. ಓಪನ್ ವಾಟರ್ ಕೋರ್ಸ್ ಮೂರು ನಾಲ್ಕು ದಿನದ್ದು, ಮುಗಿಸಿದರೆ 18 ಮೀಟರ್. ಅಡ್ವಾನ್ಸ್ಡ್ ಮಾಡಿದರೆ 30. ಮೋಜಿನ ಡೈವಿಂಗ್‌ನ ಕೊನೆಯ ಗೆರೆ 40 ಮೀಟರ್, ಅಂದರೆ 131 ಅಡಿ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಕನ್ನಂಬಾಡಿ ಕಟ್ಟೆ ತುಂಬಿದಾಗ ಪೇಪರಿನಲ್ಲಿ ಬರುವ 124.80 ಅಡಿಗಿಂತ ಸ್ವಲ್ಪ ಜಾಸ್ತಿ. ಅದನ್ನು ಹೇಳಿದ ಮೇಲೆ ಇದನ್ನೂ ಹೇಳಬೇಕು, ಕೋರ್ಸ್ ಮಾಡಿದ್ದೀನಿ ಅಂತ ಕೆ.ಆರ್.ಎಸ್. ಹಿನ್ನೀರಿಗೋ ತೊಣ್ಣೂರು ಕೆರೆಗೋ ಸಿಲಿಂಡರ್ ಕಟ್ಟಿಕೊಂಡು ಇಳಿಯುವ ಆಲೋಚನೆ ಬಿಡಿ. ಅಲ್ಲಿ ಬೋಟೂ ಇಲ್ಲ, ಆಕ್ಸಿಜನ್ನೂ ಇಲ್ಲ, ನಿಮ್ಮನ್ನು ಹುಡುಕಿ ಮೇಲೆ ತರುವವರೂ ಇಲ್ಲ.

ಬೆಳಿಗ್ಗೆ, ಬೋಟ್ ಹತ್ತುವ ಮುಂಚೆ

ಹಿಂದಿನ ರಾತ್ರಿ ಎಣ್ಣೆ ಬೇಡ. ಬೀಚಿಗೆ ಹೋಗಿದ್ದೀವಿ ಅನ್ನುವ ನೆಪ ಸಮುದ್ರಕ್ಕೆ ಅರ್ಥ ಆಗಲ್ಲ. ಕುಡಿದರೆ ಮೈ ಒಣಗುತ್ತದೆ, ಬೆಂಡ್ಸ್‌ಗೆ ಅದೂ ದಾರಿ ಮಾಡಿಕೊಡುತ್ತದೆ. ನೀರು ಚೆನ್ನಾಗಿ ಕುಡಿಯಿರಿ. ತಿಂಡಿ ಎರಡು ಇಡ್ಲಿ, ಬಾಳೆಹಣ್ಣು ಸಾಕು. ಮುದ್ದೆ ಬಸ್ಸಾರು ಊರಿಗೆ ಬಂದಮೇಲೆ.

ನೇತ್ರಾಣಿ ಮುರುಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರ್ ಒಳಗಿದೆ, ಬೋಟಿನಲ್ಲಿ ಗಂಟೆಗೂ ಜಾಸ್ತಿ. ಬಸ್ಸಿನಲ್ಲಿ ಘಟ್ಟ ಹತ್ತುವಾಗ ವಾಂತಿ ಮಾಡುವವರಿಗೆ ಇಲ್ಲಿ ಗ್ಯಾರಂಟಿ. ವಾಂತಿ ಮಾತ್ರೆಗಳಲ್ಲಿ ಕೆಲವು ನಿದ್ದೆ ಬರಿಸುತ್ತವೆ, ಯಾವುದು ಸರಿ ಅಂತ ಮೊದಲೇ ಡಾಕ್ಟರನ್ನು ಕೇಳಿ, ಊರಲ್ಲೇ ಒಂದು ದಿನ ನುಂಗಿ ನೋಡಿ. ಬೋಟಿನಲ್ಲಿ ಫೋನ್ ನೋಡದೆ ದೂರದ ದಿಗಂತ ನೋಡುತ್ತಾ ಕೂರಿ. ನೀರಿನೊಳಗೇ ವಾಂತಿ ಬಂದರೆ? ರೆಗ್ಯುಲೇಟರ್ ಬಾಯಲ್ಲಿ ಇಟ್ಟುಕೊಂಡೇ ಮಾಡಬೇಕು. ಗಲೀಜು ನಿಜ, ಆದರೆ ತೆಗೆದು ಮಾಡಿದರೆ ಮುಂದಿನ ಉಸಿರಿಗೆ ನೀರು ಒಳಗೆ ಹೋಗುತ್ತದೆ. ಮೀನುಗಳಿಗೇನೋ ಹಬ್ಬ.

ಸಾಮಾನು ಚೆಕ್ ಮಾಡೋದು

ಇನ್‌ಸ್ಟ್ರಕ್ಟರ್ ನೋಡುತ್ತಾರೆ, ನೀವೂ ನೋಡಿ. ರೆಗ್ಯುಲೇಟರ್ ಬಾಯಿಗಿಟ್ಟು ನಾಲ್ಕು ಉಸಿರು ಎಳೆಯಿರಿ, ಕಣ್ಣು ಸಿಲಿಂಡರಿನ ಒತ್ತಡ ತೋರಿಸುವ ಗೇಜಿನ ಮುಳ್ಳಿನ ಮೇಲಿರಲಿ. ತುಂಬಿದ ಸಿಲಿಂಡರ್ ಸುಮಾರು 200 ಬಾರ್ ತೋರಿಸಬೇಕು, ಮುಳ್ಳು ಅಲ್ಲಾಡಬಾರದು. ಎಳೆದಾಗೆಲ್ಲ ಮುಳ್ಳು ಕುಸಿದು ಮತ್ತೆ ಏಳುತ್ತಿದ್ದರೆ ವಾಲ್ವ್ ಪೂರ್ತಿ ತೆರೆದಿಲ್ಲ ಅಂತ ಅರ್ಥ. ಮೇಲೆ ಇದ್ದಾಗ ಗಾಳಿ ಸರಿಯಾಗಿ ಬಂದಂತೆಯೇ ಇರುತ್ತದೆ, ಆಳಕ್ಕೆ ಹೋದಾಗ ಸಾಲದೆ ಬರುತ್ತದೆ. ಗಾಳಿಗೆ ಎಣ್ಣೆ ಅಥವಾ ಹೊಗೆಯ ವಾಸನೆ, ರುಚಿ ಇದ್ದರೆ ಆ ಸಿಲಿಂಡರ್ ಬೇಡವೇ ಬೇಡ.

ಬಿಸಿಡಿ ಅಂದರೆ ಗಾಳಿ ತುಂಬುವ ಜಾಕೆಟ್. ತುಂಬುವ ಗುಂಡಿ ಯಾವುದು, ಬಿಡುವ ಗುಂಡಿ ಯಾವುದು ಅಂತ ಕಣ್ಣುಮುಚ್ಚಿ ಮುಟ್ಟಿ ಹೇಳುವಷ್ಟು ಅಭ್ಯಾಸ ಮಾಡಿ. ತೂಕದ ಬೆಲ್ಟಿನ ಬಕಲ್ ಒಂದೇ ಕೈಯಲ್ಲಿ ಬಿಚ್ಚುವಂತಿರಬೇಕು. ನಿಮ್ಮ ಜೊತೆಗಾರರ ಹಳದಿ ರೆಗ್ಯುಲೇಟರ್, ಆಕ್ಟೋಪಸ್ ಅನ್ನುತ್ತಾರೆ, ಎಲ್ಲಿ ಸಿಕ್ಕಿಸಿದ್ದಾರೆ ನೋಡಿಕೊಳ್ಳಿ. ನಿಮ್ಮ ಗಾಳಿ ಮುಗಿದರೆ ಅದೇ ಗತಿ.

ಮೀಸೆಯವರಿಗೆ ಒಂದು ಮಾತು. ಮಂಡ್ಯ ಮೀಸೆ ಹಾಗೇ ಇದ್ದರೆ ಮಾಸ್ಕ್ ಸೋರುತ್ತದೆ. ಪೂರ್ತಿ ಬೋಳಿಸಬೇಕಿಲ್ಲ, ಮೂಗಿನ ಬುಡದಲ್ಲಿ ಒಂದು ಗೆರೆಯಷ್ಟು ತೆಗೆದರೆ ಸಿಲಿಕಾನ್ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅಷ್ಟಾದರೂ ನೀರು ಬಂದರೆ ಮಾಸ್ಕಿನ ಮೇಲಂಚು ಹಣೆಗೆ ಒತ್ತಿ, ಮುಖ ಸ್ವಲ್ಪ ಮೇಲೆತ್ತಿ, ಮೂಗಿನಿಂದ ಉಸಿರು ಬಿಡಿ. ನೀರು ಕೆಳಗಿನಿಂದ ಆಚೆ ಹೋಗುತ್ತದೆ. ಇದನ್ನು ಆಳವಿಲ್ಲದ ಕಡೆ ಐದು ಸಲ ಮಾಡದೆ ಸಮುದ್ರಕ್ಕೆ ಇಳಿಯಬೇಡಿ. ಗಾಬರಿ ಹುಟ್ಟಿಸುವುದರಲ್ಲಿ ಶಾರ್ಕ್‌ಗಿಂತ ಮೂಗಿಗೆ ಬಂದ ಎರಡು ಚಮಚ ನೀರೇ ಮುಂದು.

ಕೈಸನ್ನೆ

ಹೆಬ್ಬೆರಳು ಮೇಲೆ ಮಾಡಿದರೆ 'ಸೂಪರ್' ಅಂತಲ್ಲ, 'ಮೇಲೆ ಹೋಗೋಣ' ಅಂತ. ನಮ್ಮ ಗುಂಪಿನವನೊಬ್ಬ ಮೂರು ಸಲ ಸೂಪರ್ ತೋರಿಸಿ ಮೂರು ಸಲವೂ ಮೇಲಕ್ಕೆ ಬಂದ! ಎಲ್ಲ ಸರಿ ಅನ್ನೋಕೆ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ. ಅಂಗೈ ಅಗಲಿಸಿ ಆಕಡೆ ಈಕಡೆ ವಾಲಿಸಿದರೆ ಏನೋ ತೊಂದರೆ, ಆಮೇಲೆ ತೊಂದರೆ ಇರುವ ಜಾಗ ತೋರಿಸಿ. ಕತ್ತು ಕೊಯ್ದ ಹಾಗೆ ಮಾಡಿದರೆ ಗಾಳಿ ಇಲ್ಲ.

ಇಳಿಯುವಾಗ ಕಿವಿ

ನನ್ನ ಮೊದಲನೆಯ ತಪ್ಪು ಇಲ್ಲಿ. ಹಿಂದಿನ ವಾರ ನೆಗಡಿಯಾಗಿತ್ತು, ಹೋಗಿದೆ ಅಂದುಕೊಂಡಿದ್ದೆ. ಎರಡು ಮೀಟರ್ ಇಳಿದಾಗ ಬಲಗಿವಿ ಟಕ್ ಅಂತ ಬಿಟ್ಟಿತು, ಎಡಗಿವಿ ಬಿಡಲಿಲ್ಲ. ಮೂರು ಮೀಟರಿನಲ್ಲಿ ಯಾರೋ ಹೆಬ್ಬೆರಳಿಟ್ಟು ಒಳಕ್ಕೆ ಒತ್ತಿದಂತೆ. ಇನ್‌ಸ್ಟ್ರಕ್ಟರ್ ಕೈಯಲ್ಲಿ ಸೊನ್ನೆ ಮಾಡಿ "ಸರಿನಾ?" ಅಂತ ಕೇಳಿದರು. ನಾನೂ ಸೊನ್ನೆ ತೋರಿಸಿದೆ. ಯಾಕೆ? ದುಡ್ಡು ಕೊಟ್ಟಿದ್ದೆ, ಹುಡುಗರೆಲ್ಲ ಕೆಳಗೆ ಹೋಗಿದ್ದರು, ನಾಲೆ ಈಜಿದ ನಾನು ವಾಪಸ್ ಹೋಗೋದಾ ಅನ್ನುವ ಜಂಬ. ಐದು ಮೀಟರ್ ಹತ್ತಿರ ಚುರಕ್ ಅಂತು, ಆಮೇಲೆ ನೋವು ನಿಂತೇಹೋಯಿತು. ಸರಿಯಾಯಿತು ಅಂದುಕೊಂಡೆ. ಬೋಟಿಗೆ ಬಂದು ಮಾಸ್ಕ್ ತೆಗೆದಾಗ ಮೂಗಿನಲ್ಲಿ ರಕ್ತ. ಅವತ್ತು ಸಂಜೆಯೇ ಘಟ್ಟ ಹತ್ತಿದೆವು, ತಿರುವು ತಿರುವಿಗೂ ಕಿವಿಯೊಳಗೆ ಸೂಜಿ. ಕಿವಿಯ ತಮಟೆ ಹರಿದಿತ್ತು, ವಾಸಿಯಾಗಲು ಸುಮಾರು ಎರಡು ತಿಂಗಳು ಹಿಡಿಯಿತು.

ಮಾಡಬೇಕಾದ್ದು ಇಷ್ಟು. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಮೂಗಿಗೆ ಊದಿ. ಇದಕ್ಕೆ ಈಕ್ವಲೈಸ್ ಅನ್ನುತ್ತಾರೆ. ನೀರಿನ ಮೇಲೆ ಇರುವಾಗಲೇ ಒಂದು ಸಲ, ಆಮೇಲೆ ಅರ್ಧ ಮೀಟರಿಗೋ ಒಂದು ಮೀಟರಿಗೋ ಒಂದೊಂದು ಸಲ, ನೋವು ಶುರುವಾಗೋಕೆ ಮುಂಚೆಯೇ. ಬಿಡದಿದ್ದರೆ ಜೋರಾಗಿ ಊದಬೇಡಿ, ಒಂದು ಮೀಟರ್ ಮೇಲೆ ಬಂದು ಮತ್ತೆ ನೋಡಿ. ಎರಡು ಮೂರು ಸಲಕ್ಕೂ ಆಗದಿದ್ದರೆ ಅವತ್ತಿಗೆ ಡೈವ್ ಮುಗೀತು. ದುಡ್ಡು ಹೋಗುತ್ತೆ, ಹೋಗಲಿ. ತಲೆ ಮೇಲೆ ಮಾಡಿ, ಲಂಗರಿನ ಹಗ್ಗ ಹಿಡಿದು ನಿಧಾನವಾಗಿ ಇಳಿದರೆ ಇದು ಸಲೀಸು.

ಕೆಳಗೆ ಇದ್ದಾಗ

11 ಲೀಟರ್ ಸಿಲಿಂಡರ್ 200 ಬಾರ್ ಇದ್ದರೆ 2,200 ಲೀಟರ್ ಗಾಳಿ. 50 ಬಾರ್ ಉಳಿಸಿಕೊಂಡು ಮೇಲೆ ಬರಬೇಕಾದ್ದರಿಂದ ಖರ್ಚಿಗೆ ಸಿಗೋದು 1,650. ಹೊಸಬರು ಗಾಬರಿಯಲ್ಲಿ ನಿಮಿಷಕ್ಕೆ 25 ಲೀಟರ್ ಎಳೆಯುತ್ತಾರೆ ಅಂದುಕೊಂಡರೆ, 10 ಮೀಟರಿನಲ್ಲಿ ಅದು 50. ಅರ್ಧ ಗಂಟೆಗೆ ಖಾಲಿ. ಇನ್ನೂ ಆಳಕ್ಕೆ ಹೋದರೆ ಇನ್ನೂ ಬೇಗ. ಹಾಗಾಗಿ ಪ್ರತಿ ಎರಡು ಮೂರು ನಿಮಿಷಕ್ಕೆ ಗೇಜ್ ನೋಡಿ, 100 ಬಾರ್ ಆದಾಗ ಜೊತೆಗಾರರಿಗೆ ತಿಳಿಸಿ.

ಏನನ್ನೂ ಮುಟ್ಟಬೇಡಿ. ಲಯನ್‌ಫಿಶ್ ನೋಡೋಕೆ ಚಂದ, ಬೆನ್ನ ಮುಳ್ಳಿನಲ್ಲಿ ವಿಷ. ಬಂಡೆಯ ಸಂದಿಯಲ್ಲಿ ಬಾಯಿ ತೆರೆದು ಮುಚ್ಚುತ್ತಿರುವ ಮೊರೆ ಈಲ್ ಕೋಪದಲ್ಲಿಲ್ಲ, ಉಸಿರಾಡುತ್ತಿದೆ, ಕೈ ಹಾಕಿದರೆ ಮಾತ್ರ ಕಚ್ಚುತ್ತದೆ. ನೇತ್ರಾಣಿ ಹಿಂದೆ ನೌಕಾಪಡೆಯವರು ಗುರಿ ಅಭ್ಯಾಸಕ್ಕೆ ಬಳಸಿದ ಜಾಗ, ಆದ್ದರಿಂದ ಕಬ್ಬಿಣದ ತುಂಡು ಕಂಡರೂ ದೂರ ಇರಿ.

ಗಾಬರಿಯಾದರೆ ಕೈಕಾಲು ಬಡಿಯೋದು ನಿಲ್ಲಿಸಿ. ಮೂರು ಉದ್ದ ಉಸಿರು. ಆಮೇಲೆ ಯೋಚನೆ, ಆಮೇಲೆ ಸನ್ನೆ. ಗಾಳಿ ನಿಜವಾಗಿಯೂ ನಿಂತರೆ ಜೊತೆಗಾರರ ಆಕ್ಟೋಪಸ್ ಬಾಯಿಗಿಟ್ಟುಕೊಂಡು, ಅವರ ತೋಳು ಹಿಡಿದು ಇಬ್ಬರೂ ಒಟ್ಟಿಗೆ ಮೇಲೆ ಬನ್ನಿ.

ಮೇಲೆ ಬರುವಾಗ

ನಿಮಿಷಕ್ಕೆ 9 ಮೀಟರಿಗಿಂತ ಜೋರಾಗಿ ಬರಬೇಡಿ. ನೀವು ಬಿಟ್ಟ ಸಣ್ಣ ಗುಳ್ಳೆಗಳನ್ನು ಹಿಂದೆ ಹಾಕಿ ಬಂದಿರೋ, ಸ್ಪೀಡ್ ಜಾಸ್ತಿಯಾಯಿತು. ಬಿಸಿಡಿಯಲ್ಲಿರುವ ಗಾಳಿಯೂ ಹಿಗ್ಗುತ್ತಾ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ, ಅದನ್ನು ಆಗಾಗ ಬಿಡುತ್ತಾ ಬನ್ನಿ, ಮೇಲೇರೋಕೆ ಗಾಳಿ ತುಂಬಬೇಡಿ. 5 ಮೀಟರಿನಲ್ಲಿ 3 ನಿಮಿಷ ನಿಲ್ಲಿ. ಇದು ಗೋಲಿಯನ್ನು ಬೆರಳಿಂದ ಸ್ವಲ್ಪ ಸ್ವಲ್ಪವೇ ಸಡಿಲಿಸಿದ ಹಾಗೆ. ಕೊನೆಯಲ್ಲಿ ತಲೆಯೆತ್ತಿ, ಒಂದು ಕೈ ಮೇಲೆ ಮಾಡಿ, ಬೋಟಿನ ಸದ್ದು ಕೇಳಿಸಿಕೊಂಡು ಬನ್ನಿ. ಬಂದ ತಕ್ಷಣ ಜಾಕೆಟ್ ತುಂಬಿ. ಬೋಟಿನೊಳಗೆ ಕೂರುವವರೆಗೂ ಮಾಸ್ಕ್, ರೆಗ್ಯುಲೇಟರ್ ತೆಗೆಯಬೇಡಿ.

ಆಮೇಲಿನ 24 ಗಂಟೆ

ಬಿಸಿಬಿಸಿ ಸ್ನಾನ, ಜಿಮ್ಮು, ಗುಂಡು ಯಾವುದೂ ಬೇಡ. ನೀರು ಕುಡಿಯಿರಿ, ಮಲಗಿ. ಮೊಣಕೈ, ಭುಜ, ಮಂಡಿಯಲ್ಲಿ ಕಾರಣವಿಲ್ಲದ ಆಳವಾದ ನೋವು, ಕೈಕಾಲು ಜೋಮು, ಚರ್ಮದ ಮೇಲೆ ಕಲೆಕಲೆ, ತಲೆ ತಿರುಗೋದು, ಮೂತ್ರ ಕಟ್ಟೋದು, ವಿಪರೀತ ಸುಸ್ತು, ಇವುಗಳನ್ನು "ಅಲೆದಾಡಿದ ಸುಸ್ತು" ಅಂತ ತಳ್ಳಿಹಾಕಬೇಡಿ. ಹೆಚ್ಚಿನವರಿಗೆ ಕೆಲವೇ ಗಂಟೆಗಳಲ್ಲಿ, ಬಹುತೇಕ ಒಂದು ದಿನದೊಳಗೆ ಕಾಣಿಸಿಕೊಳ್ಳುತ್ತವೆ. ಕಂಡರೆ ಮಲಗಿಸಿ, ಶುದ್ಧ ಆಕ್ಸಿಜನ್ ಕೊಡಿಸಿ, ಡೈವ್ ಮಾಡಿಸಿದವರಿಗೆ ಫೋನ್ ಮಾಡಿ, 108 ಕರೆಯಿರಿ. ಮತ್ತೆ ನೀರಿಗೆ ಇಳಿದರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಊರಿಗೆ ಬಂದಮೇಲೆ ಹೀಗಾದರೆ, ಆಸ್ಪತ್ರೆಯಲ್ಲಿ ಮೊದಲ ಮಾತೇ "ನಿನ್ನೆ ಸ್ಕೂಬಾ ಡೈವ್ ಮಾಡಿದ್ದೆ, ಇಷ್ಟು ಮೀಟರ್, ಇಷ್ಟು ನಿಮಿಷ, ಇಷ್ಟು ಹೊತ್ತಿಗೆ ಘಟ್ಟ ಹತ್ತಿದೆ" ಅಂತಿರಲಿ. ಸಮುದ್ರ ಇಲ್ಲದ ಊರಿನಲ್ಲಿ ಮೊಣಕೈ ನೋವು ಅಂತ ಬಂದವರಿಗೆ ಯಾವ ಡಾಕ್ಟರೂ ತಾವಾಗಿಯೇ ಅದನ್ನು ಕೇಳಲ್ಲ. ನಾನು ಕಿವಿ ತೋರಿಸೋಕೆ ಹೋದಾಗಲೂ ಮೊದಲು ಕೇಳಿದ್ದು, "ನಾಲೇಲಿ ಈಜಿದ್ರಾ?" ಅಂತ.